ಟ್ಯಾಂಕಿನಲ್ಲಿ ಬಿಟ್ಟ ಚಿಂದಿ

ಬೈಲಹೊಂಗಲದಲ್ಲಿ ಮೂವತ್ತೇಳು ವರ್ಷ ಮೋಟಾರು ರಿಪೇರಿ ಮಾಡಿ, ಈಗ ಕೈ ತೊಳೆದುಕೊಂಡು ಮನೆಯಲ್ಲಿ ಕುಳಿತಿದ್ದೇನೆ. ಕೈ ತೊಳೆದುಕೊಂಡೆ ಎನ್ನುವುದು ಮಾತಿಗೆ ಮಾತ್ರ. ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗಿಲ್ಲ, ಹೋಗುವ ಲಕ್ಷಣವೂ ಕಾಣುತ್ತಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಬಂದು, "ಅಜ್ಜಾರ, ನಿಮ್ಮ ಕಾಲದಾಗ ಹೆಂಗ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಅವರ ಹತ್ತಿರ ಗಾಡಿಗೆ ವೈರು ಸಿಕ್ಕಿಸಿದರೆ ರೋಗದ ಹೆಸರನ್ನು ಬರೆದು ತೋರಿಸುವ ಯಂತ್ರಗಳಿವೆ. ನಮ್ಮ ಹತ್ತಿರ ಇದ್ದದ್ದು ಒಂದು ಉದ್ದನೆಯ ಸ್ಕ್ರೂಡ್ರೈವರ್. ಅದರ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಟಕಟಕ ಎಂದರೆ ವಾಲ್ವು, ಗುದುಗುದು ಎಂದರೆ ಬೇರಿಂಗು. ಏನೂ ತಿಳಿಯದಿದ್ದರೆ ಗಂಭೀರವಾಗಿ ತಲೆ ಅಲ್ಲಾಡಿಸಿ, "ನಾಳಿ ಬರ್ರಿ" ಎನ್ನುತ್ತಿದ್ದೆವು. ಈ ಕೊನೆಯ ವಿದ್ಯೆ ಮಾತ್ರ ಇಂದಿಗೂ ಬದಲಾಗಿಲ್ಲ ಎಂದು ಕೇಳಿದ್ದೇನೆ.

ನನಗೆ ಕೆಲಸ ಕಲಿಸಿದವರು ಇಮಾಮಸಾಬ ಉಸ್ತಾದರು. ಗ್ಯಾರೇಜು ಅವರದೇ. ತೆಳ್ಳನೆಯ ಮನುಷ್ಯ, ಮಾತು ಕಡಿಮೆ, ಬೈಗುಳ ಜಾಸ್ತಿ. ಪುಸ್ತಕ ನೋಡಿ ಕಲಿತವರಲ್ಲ. ಎಂಜಿನ್ನಿನ ಎರಡು ಭಾಗಗಳ ಸಂದಿಗೆ ಹಾಕುವ ಗ್ಯಾಸ್ಕೆಟ್ ಸಿಗದಿದ್ದರೆ ದಪ್ಪ ರಟ್ಟನ್ನು ಎಂಜಿನ್ನಿನ ಮೇಲಿಟ್ಟು ಸುತ್ತಿಗೆಯಿಂದ ಅಂಚಿನಗುಂಟ ತಟ್ಟಿ ತಟ್ಟಿ ಕತ್ತರಿಸುತ್ತಿದ್ದರು. ಕತ್ತರಿ ಹಿಡಿದ ದರ್ಜಿಯೂ ಅಷ್ಟು ಚೊಕ್ಕಟವಾಗಿ ಕತ್ತರಿಸಲಾರ. ಅವರದೊಂದು ಕಟ್ಟುನಿಟ್ಟಿನ ನೇಮವಿತ್ತು. ಎಂಜಿನ್ ಮುಚ್ಚುವ ಮೊದಲು ಒರೆಸುವ ಚಿಂದಿಗಳನ್ನು ಎಣಿಸಬೇಕು. "ಎಷ್ಟು ತಗೊಂಡಿ? ಎಷ್ಟು ಹೊರಗ ಬಂದ್ವು?" ಎಂದು ಕೇಳಿ, ಲೆಕ್ಕ ಸರಿಬಂದ ಮೇಲೆಯೇ ನಟ್ಟು ಬಿಗಿಯಲು ಬಿಡುತ್ತಿದ್ದರು. ಚಿಂದಿ ಮರೆಯುವವನು ಮಿಸ್ತ್ರಿಯೇ ಅಲ್ಲ ಎಂಬುದು ಅವರ ತೀರ್ಮಾನ.

ನಾನು ಬೇಕಾದಷ್ಟು ತಪ್ಪು ಮಾಡಿದ್ದೇನೆ. ಒಮ್ಮೆ ಬೀಜದ ವ್ಯಾಪಾರಿಯೊಬ್ಬರ ಜೀಪಿಗೆ ಪ್ಲಗ್ಗಿನ ವೈರುಗಳನ್ನು ಅದಲುಬದಲು ಮಾಡಿ ಕೂಡಿಸಿದೆ. ಅದು ಪೇಟೆಯ ನಡುವೆ ಸೈಲೆನ್ಸರಿನಿಂದ ಬಂದೂಕಿನಂಥ ಶಬ್ದ ಮಾಡಿತು. ಹತ್ತಿರ ನಿಂತಿದ್ದ ಎಮ್ಮೆ ಬೆದರಿ ಚಹಾದಂಗಡಿಯೊಳಗೇ ನುಗ್ಗಿತು. ಉಸ್ತಾದರು ನನಗೆ ಒಂದು ತಿಂಗಳು ಪ್ರತಿ ಗಾಡಿಯ ಬಾನೆಟ್ಟಿನ ಮೇಲೆ ವೈರುಗಳ ಕ್ರಮವನ್ನು ಸುಣ್ಣದ ಕಡ್ಡಿಯಿಂದ ಬರೆಸಿದರು. ಆ ತಪ್ಪು ಊರಿಗೆಲ್ಲ ಗೊತ್ತು, ಎಮ್ಮೆಯ ಮಾಲೀಕ ಸಾಯುವವರೆಗೂ ನೆನಪಿಸುತ್ತಿದ್ದ. ಊರಿಗೆ ಗೊತ್ತಾಗದ ಇನ್ನೊಂದು ತಪ್ಪು ಇದೆ. ಅದನ್ನು ಹೇಳಲೆಂದೇ ಇಷ್ಟು ಪೀಠಿಕೆ.

ಎಪ್ಪತ್ತರ ದಶಕದ ನಡುವಿನ ಮಾತು. ಕಿತ್ತೂರಿನ ನಿಂಗಪ್ಪ ಮಾಸ್ತರರು ಒಂದು ದಿನ ಗ್ಯಾರೇಜಿಗೆ ಬಂದರು. ಮಾಸ್ತರರು ಎಂದರೆ ಸಾಲಿಯ ಮಾಸ್ತರರಲ್ಲ, ಬ್ಯಾಂಡ್ ಮಾಸ್ತರರು. ಕ್ಲಾರಿನೆಟ್ ನುಡಿಸುವವರು. ಅವರ ಮೇಳದಲ್ಲಿ ಎಂಟು ಜನ. ಮದುವೆ ಎಲ್ಲಿದ್ದರೂ ಬಸ್ಸಿಗೆ ಕಾಯಬೇಕು, ದೊಡ್ಡ ಡ್ರಮ್ಮನ್ನು ಬಸ್ಸಿನ ಮೇಲೆ ಹಾಕಲು ಕಂಡಕ್ಟರನಿಗೆ ಕೈಮುಗಿಯಬೇಕು, ಬಸ್ಸಿಲ್ಲದ ಊರಿಗೆ ನಡೆಯಬೇಕು. ಅದಕ್ಕಾಗಿ ಅವರು ಸಂಪಗಾಂವದ ಹಿತ್ತಲೊಂದರಲ್ಲಿ ವರ್ಷಗಟ್ಟಲೆ ನಿಂತಿದ್ದ ವಿಲಾಯಿತಿ ಪಿಕಪ್ ಗಾಡಿಯೊಂದನ್ನು ಕೊಂಡಿದ್ದರು.

ಅದನ್ನು ಎರಡು ಜೋಡಿ ಎತ್ತು ಕಟ್ಟಿ ಎಳೆದು ತಂದರು. ಪೇಟೆಯ ಜನವೆಲ್ಲ ಸಾಲಾಗಿ ನಿಂತು ನೋಡಿದರು. ಬಾನೆಟ್ಟಿನ ಮೇಲಿನ ಹೆಸರಿನ ಅಕ್ಷರಗಳು ಉದುರಿ ಎರಡೇ ಉಳಿದಿದ್ದವು. ಸೀಟಿನೊಳಗೆ ಕೋಳಿ ಮರಿ ಮಾಡಿತ್ತು. ರೇಡಿಯೇಟರಿನಲ್ಲಿ ಕಣಜದ ಗೂಡು. ಪಿಸ್ಟನ್ನುಗಳು ಸಿಲಿಂಡರಿನೊಳಗೆ ತುಕ್ಕು ಹಿಡಿದು ಗೋಡೆಗೆ ಗಿಲಾವು ಮಾಡಿದ ಹಾಗೆ ಅಂಟಿಕೊಂಡಿದ್ದವು. ಉಸ್ತಾದರು ಸುತ್ತ ಒಂದು ಸಲ ತಿರುಗಿ ನೋಡಿ ಬೀಡಿ ಹಚ್ಚಿ, "ಮಲ್ಯಾ, ಇದು ನಿಂದು. ನಾ ಕೈ ಹಚ್ಚೂದಿಲ್ಲ" ಎಂದರು. ಪೂರ್ತಿ ಎಂಜಿನ್ ಒಂದನ್ನು ನಾನೊಬ್ಬನೇ ಬಿಚ್ಚಿ ಕಟ್ಟಿದ್ದು ಅದೇ ಮೊದಲು.

ನಾಲ್ಕು ತಿಂಗಳು ಹಿಡಿಯಿತು. ಪಿಸ್ಟನ್ನಿನ ತಲೆಗೆ ಸೀಮೆಎಣ್ಣೆ ಸುರಿದು, ಕಟ್ಟಿಗೆಯ ತುಂಡಿಟ್ಟು ದಿನಕ್ಕಿಷ್ಟು ಎಂದು ತಟ್ಟಿದೆ. ಎಂಟನೆಯ ದಿನ ಮೊದಲನೆಯದು ಕೂದಲೆಳೆಯಷ್ಟು ಅಲುಗಿತು. ಅಂದು ಊಟವೇ ಬೇಡವಾಯಿತು, ಅಷ್ಟು ಸಂತೋಷ. ಸಿಲಿಂಡರ್ ಬ್ಲಾಕನ್ನು ಹುಬ್ಬಳ್ಳಿಗೆ ಒಯ್ದು ಒಳಗೋಡೆ ಕೊರೆಸಿ ಬೋರ್ ಮಾಡಿಸಿದೆ. ವಾಲ್ವುಗಳನ್ನು ಅಂಗೈಯಲ್ಲಿ ಕಡಗೋಲಿನಂತೆ ತಿರುವಿ ತಿರುವಿ ಕೂಡಿಸಿದೆ. ಪೆಟ್ರೋಲ್ ಟ್ಯಾಂಕು ಸೀಟಿನ ಹಿಂದೆಯೇ ಇತ್ತು, ಅದರ ಬಾಯಿ ಬಾಗಿಲ ಪಕ್ಕದಲ್ಲಿ ಅಗಲವಾಗಿತ್ತು. ಟ್ಯಾಂಕನ್ನು ಇಳಿಸಿ, ಒಳಗೆ ಜಲ್ಲಿಕಲ್ಲು ಹಾಕಿ ಕುಲುಕಿ ತುಕ್ಕು ತೆಗೆದೆ. ಒಳಗಿನಿಂದ ಪೆಟ್ರೋಲು ಒಯ್ಯುವ ಕೊಳವೆಯ ತುದಿಗಿದ್ದ, ಕಸ ತಡೆಯುವ ಜಾಲರಿ ಮುಟ್ಟಿದರೆ ಪುಡಿಯಾಯಿತು. ಬೇರೆ ಸಿಗಲಿಲ್ಲ. ಮುಂದೆ ನೋಡಿದರಾಯಿತು ಎಂದು ಬಿಟ್ಟೆ. ಈ 'ಮುಂದೆ ನೋಡಿದರಾಯಿತು' ಎನ್ನುವುದನ್ನು ಕಿರಿಯರು ಗುರುತು ಹಾಕಿಕೊಳ್ಳಬೇಕು.

ಕೊನೆಗೆ ಎಂಜಿನ್ ಮಾತಾಡಿತು. ಸಂಪಗಾಂವದವರೆಗೆ ಓಡಿಸಿ ಬಂದೆ, ಒಂದು ಸಲವೂ ಕೆಮ್ಮಲಿಲ್ಲ. ಮಾಸ್ತರರು ಒಂದು ಶುಕ್ರವಾರ ಬೆಳಿಗ್ಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಗಾಡಿ ಒಯ್ಯಲು ಬಂದರು. ಗ್ಯಾರೇಜಿನ ಅಂಗಳದಲ್ಲಿ ಪೂಜೆಯಾಯಿತು. ಮುತ್ತೈದೆಯರು ಬಾನೆಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ ಆರತಿ ಬೆಳಗಿದರು. ಮಾಸ್ತರರ ತಾಯಿ ಫಕೀರವ್ವ ಮಾತ್ರ ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದಳು. ಆಕೆಯ ಗಂಡ ಸನಾದಿ ಊದುತ್ತ ಊರೂರು ನಡೆದೇ ಸವೆದವನು. ಅವನು ತೀರಿ ಆರೇಳು ವರ್ಷವಾಗಿತ್ತು. ಗಂಡ ಸತ್ತವಳು ಆರತಿಗೆ ಕೈ ಹಚ್ಚಬಾರದು, ಹೊರಡುವ ಗಾಡಿಗೆ ಎದುರು ಬರಬಾರದು ಎಂಬ ಕಟ್ಟಳೆ ಆಗ ಗಟ್ಟಿಯಾಗಿತ್ತು. ಆಕೆಯೂ ಅದನ್ನು ನಂಬಿದವಳೇ.

ಎಲ್ಲರೂ ಫಳಾರಕ್ಕೆಂದು ಒಳಗೆ ಹೋದಾಗ ಮುದುಕಿ ಮೆಲ್ಲಗೆ ನನ್ನ ಹತ್ತಿರ ಬಂದಳು. ಸೆರಗಿನಲ್ಲಿ ಏನೋ ಗಂಟಿತ್ತು.

"ತಮ್ಮಾ, ನನಗ ಹೆಣ್ಣ ಮಕ್ಕಳಿಲ್ಲ. ಇದನ್ನ ಮಗಳ ಅನಕೊಂಡೇನಿ. ಇದರ ಹೊಟ್ಟಿ ಯಾವುದೋ?"

ನಾನು ಸ್ಪ್ಯಾನರ್ ಒರೆಸುತ್ತಿದ್ದೆ. ಚೇಷ್ಟೆ ನನ್ನ ಹುಟ್ಟುಗುಣ. "ಅಗೋ ಆಯಿ, ಆ ಮುಚ್ಚಳದ ಕೆಳಗ. ಊಟಾ, ನೀರಡಿಕಿ ಎಲ್ಲಾ ಅಲ್ಲೇ" ಎಂದು ಟ್ಯಾಂಕಿನ ಬಾಯಿ ತೋರಿಸಿ ನಾನೂ ಫಳಾರಕ್ಕೆ ಹೋದೆ.

ಅಂದೇ ಕಿತ್ತೂರು ಎರಡು ಮೈಲಿ ಇರುವಾಗ ಗಾಡಿ ನಿಂತಿತು. ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಏನೂ ಆಗದ ಹಾಗೆ ಹೊರಟಿತು. ಪಿಸ್ಟನ್ನಿಗೆ ಹೊಸ ರಿಂಗು, ಎಂಜಿನ್ ಬಿಗಿ ಇದೆ, ಸಡಿಲಾಗುತ್ತದೆ ಎಂದು ಹೇಳಿ ಕಳುಹಿಸಿದೆ. ಸಡಿಲಾಗಲಿಲ್ಲ. ಏಳೆಂಟು ಮೈಲಿ ಓಡುವುದು, ಉಸಿರು ಕಟ್ಟಿದಂತೆ ಕುಂಟಿ ಸಾಯುವುದು, ಹತ್ತು ನಿಮಿಷಕ್ಕೆ ಬದುಕುವುದು. ಕಾಯಿಲ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ, ಕಾರ್ಬೊರೇಟರನ್ನು ಮೂರು ಸಲ ಬಿಚ್ಚಿದೆ. ಬಿಸಿಲಿಗೆ ಪೆಟ್ರೋಲು ಆವಿಯಾಗುತ್ತಿರಬೇಕೆಂದು ಅದನ್ನು ಟ್ಯಾಂಕಿನಿಂದ ಎಂಜಿನ್ನಿಗೆ ಎಳೆಯುವ ಪಂಪಿನ ಮೇಲೆ ಹಸಿ ಅರಿವೆ ಹಾಕಿಸಿದೆ. ಅರಿವೆ ಹಾಕಿದೊಡನೆ ಗಾಡಿ ಚಾಲೂ ಆಗುತ್ತಿತ್ತು! ರೋಗ ಸಿಕ್ಕಿತೆಂದು ಬೀಗಿದೆ. ಅರಿವೆ ನೆನೆಸಿ ಹಾಕುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಹೀಗೇ ಒಂದೂವರೆ ತಿಂಗಳು ಕಳೆಯಿತು. ಆಮೇಲೆ ಸವದತ್ತಿಯ ಮದುವೆ. ದಾರಿಯಲ್ಲಿ ಗಾಡಿ ನಾಲ್ಕು ಸಲ ನಿಂತಿತು. ಮೇಳ ಹೋಗಿ ಮುಟ್ಟುವಷ್ಟರಲ್ಲಿ ಅಕ್ಷತೆ ಬಿದ್ದು, ಬೀಗರು ಊಟಕ್ಕೆ ಕುಳಿತಿದ್ದರು. ಗಟ್ಟಿಮೇಳಕ್ಕೆ ಬೇರೆ ಗತಿಯಿಲ್ಲದೆ ಯಾರೋ ಎಣ್ಣೆಯ ಖಾಲಿ ಡಬ್ಬಿ ಬಡಿದಿದ್ದರಂತೆ. ಆ ಡಬ್ಬಿಯ ಸುದ್ದಿ ನಾಲ್ಕು ತಾಲೂಕು ತಿರುಗಿತು. ಮಾಸ್ತರರಿಗೆ ಹೇಳಿದ್ದ ಎರಡು ಮದುವೆಯವರು ಬೇರೆ ಬ್ಯಾಂಡು ನೋಡಿಕೊಂಡರು.

ಮಾಸ್ತರರು ಗ್ಯಾರೇಜಿಗೆ ಬಂದು ಕುಳಿತಾಗ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಮಲ್ಲಣ್ಣಾ, ಮುಂದಿನ ವಾರ ರಾಮದುರ್ಗದಾಗ ನೇಕಾರರ ಮನಿ ಮದವಿ ಐತಿ. ಅದೂ ತಪ್ಪಿದ್ರ ಈ ಗಾಡಿ ಗುಜರಿಗೆ ಹಾಕತೇನಿ, ಮೇಳಾನೂ ಬಿಡತೇನಿ. ಎಂಟು ಮಂದಿ ಹೊಟ್ಟಿಗೆ ಏನ ತಿಂತಾರೋ ನೀನ ಹೇಳು."

ಎಂಜಿನ್ನಿನ ತಲೆ ಮತ್ತೆ ಬಿಚ್ಚಿದೆ. ಉಸ್ತಾದರೂ ಬಂದು ನೋಡಿ, "ಕೆಲಸಾ ಚೊಲೋ ಐತಿ. ಇದರಾಗ ತಪ್ಪಿಲ್ಲ" ಎಂದರು. ಹೊಗಳಿಕೆ ಅಪರೂಪಕ್ಕೆ ಬಂದಿತ್ತು, ಬರಬಾರದ ಹೊತ್ತಿನಲ್ಲಿ. ತಪ್ಪು ಇದ್ದಿದ್ದರೆ ಎಷ್ಟು ನೆಮ್ಮದಿಯಾಗುತ್ತಿತ್ತು!

ರಾಮದುರ್ಗದ ಪಯಣಕ್ಕೆ ನಾನೂ ಜೊತೆಗೆ ಹೋಗುವುದೆಂದು ಹಿಂದಿನ ದಿನವೇ ಕಿತ್ತೂರಿಗೆ ಹೋದೆ. ಮಾಸ್ತರರ ಮನೆಯಲ್ಲಿ ಫಕೀರವ್ವ ಕಾಣಲಿಲ್ಲ. ಕೇಳಿದ್ದಕ್ಕೆ ಮಾಸ್ತರರು ದನಿ ತಗ್ಗಿಸಿದರು.

"ಸವದತ್ತಿ ಆದಾಗಿಂದ ಹಿಂಗ ಮಾಡಾಕ ಹತ್ಯಾಳ. ಗಾಡಿ ಅಂಗಳಕ್ಕ ಬಂತಂದ್ರ ಅಡಗಿಮನಿ ಸೇರತಾಳ. ನನ್ನ ಕೈಯಿಂದ ಕೆಟ್ಟಿತು, ನಾ ಮುಟ್ಟಬಾರದಾಗಿತ್ತು ಅಂತಾಳ. ಏನ ಮುಟ್ಟೀ ಅಂದ್ರ ಬಾಯಿ ಬಿಡವಲ್ಲಳು. ಎರಡ ಹೊತ್ತ ಉಣ್ಣಾಕೂ ಒಲ್ಲಳು."

ಒಳಗಿನಿಂದ ಮುದುಕಿಯ ದನಿ ಕೇಳಿತು: "ನಾಳಿ ಹೋಗೂ ಮುಂದ ಹೇಳ್ರೆಪಾ, ನಾ ಹಿತ್ತಲಕ್ಕ ಹೋಗತೇನಿ. ನನ್ನ ಮಾರಿ ಗಾಡಿಗೆ ಬೀಳೂದ ಬ್ಯಾಡ."

ಗಾಡಿ ನಿಲ್ಲುವುದರಿಂದ ಮೇಳದ ಮಾನ ಹೋಗುತ್ತಿದೆ ಎಂದಷ್ಟೇ ನಾನು ತಿಳಿದಿದ್ದೆ. ಈ ಜೀವವೊಂದು ತನ್ನದೇ ಮನೆಯಲ್ಲಿ ಹೀಗೆ ಮುದುಡಿ ಕುಳಿತಿದೆ ಎಂದು ಗೊತ್ತಿರಲಿಲ್ಲ. ನನಗೆ ಬಹಳ ಕೆಟ್ಟೆನಿಸಿತು. ಆಗಲೂ ಮುಚ್ಚಳದ ಮಾತು ನೆನಪಾಗಲಿಲ್ಲ ನೋಡಿ, ಅಂಥ ಬುದ್ಧಿವಂತ ನಾನು.

ಮರುದಿನ ನಸುಕಿನಲ್ಲೇ ಹೊರಟೆವು. ನಿಲ್ಲುವುದಕ್ಕೂ ಸಮಯ ಹಿಡಿದು ಹೊರಟಿದ್ದೆವು, ಆದರೂ ಅದು ನಮ್ಮ ಲೆಕ್ಕ ಮೀರಿ ನಿಂತಿತು. ಬಿಸಿಲೇರಿದಾಗ ಕಟಕೋಳ ಇನ್ನೂ ಮುಂದಿತ್ತು, ಗಾಡಿ ಆರನೆಯ ಸಲ ಸತ್ತಿತು. ಮೇಳದವರು ಬೇಸತ್ತು ದೂರದ ಮರದ ನೆರಳಿಗೆ ಹೋದರು. ಹಸಿ ಅರಿವೆ ತರಲು ಎದ್ದವನು ಅದೇಕೋ ಕುಳಿತುಬಿಟ್ಟೆ. ಎಂಜಿನ್ನನ್ನು ಎಷ್ಟು ಸಲ ಬಿಚ್ಚಿದ್ದೇನೆ! ನನ್ನ ಕೆಲಸದ ಮೇಲೆ ನನಗೇ ಎಷ್ಟು ಅನುಮಾನವೆಂದರೆ ಬೇರೆ ಕಡೆ ನೋಡಿಯೇ ಇರಲಿಲ್ಲ. ಪಂಪಿಗೆ ಬರುವ ಕೊಳವೆ ಬಿಚ್ಚಿ, ಬಾಯಿ ಹಚ್ಚಿ ಎಳೆದೆ. ಪೆಟ್ರೋಲು ಬರಲಿಲ್ಲ. ತಿರುಗಿ ಊದಿದೆ. ಸೀಟಿನ ಹಿಂದೆ ಗುಳುಗುಳು ಎಂದಿತು, ಮತ್ತೆ ಎಳೆದರೆ ಬಾಯ್ತುಂಬ ಪೆಟ್ರೋಲು. ಟ್ಯಾಂಕಿನೊಳಗೇ ಏನೋ ಇದೆ. ಎಂಜಿನ್ ಎಳೆದಾಗ ಬಂದು ಕೊಳವೆಯ ಬಾಯಿಗೆ ಅಂಟುತ್ತದೆ, ನಿಂತಾಗ ಬಿಟ್ಟು ಸರಿಯುತ್ತದೆ.

ಡ್ರಮ್ಮಿನವನ ಚೀಲದಲ್ಲಿ ಗಡ್ಡ ಹೆರೆಯುವ ಕನ್ನಡಿ ಇತ್ತು. ಅದರಿಂದ ಬಿಸಿಲನ್ನು ಟ್ಯಾಂಕಿನ ಬಾಯಿಯೊಳಗೆ ಬಿಟ್ಟು ಇಣುಕಿದೆ. ಎರಡು ವೀಳ್ಯದೆಲೆ ಈಜಾಡುತ್ತಿದ್ದವು. ಕೆಳಗೆ ಒಂದು ಅರಿಷಿಣದ ಕೊಂಬು, ಒಂದು ಅಡಿಕೆ, ನಾಲ್ಕಾರು ಅಕ್ಕಿಕಾಳು.

ಉಡಿ! ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವ ಉಡಿ. ಮುತ್ತೈದೆಯರೇ ತುಂಬಬೇಕಾದ್ದನ್ನು ಮುದುಕಿ ಆಸೆ ತಡೆಯಲಾರದೆ, ಯಾರೂ ಕಾಣದಾಗ, ನಾನು ತೋರಿಸಿದ ಜಾಗದಲ್ಲಿ ತುಂಬಿದ್ದಳು. ಅಂದಿನಿಂದಲೇ ಗಾಡಿ ನಿಲ್ಲತೊಡಗಿತ್ತು. ವಿಧವೆಯಾದ ತನ್ನ ಕೈ ತಾಗಿಯೇ ಗಾಡಿ ಕೆಟ್ಟಿತೆಂದು ಆಕೆ ಅನ್ನ ಬಿಟ್ಟಿದ್ದಳು. ನಿಲ್ಲಿಸಿದ್ದು ಆಕೆಯ ಎಲೆ ಎಂಬ ನಿಜ ಹೇಳಿದರೆ ಆ ನಂಬಿಕೆಯನ್ನು ನಾನೇ ಮೊಳೆ ಹೊಡೆದು ಗಟ್ಟಿ ಮಾಡಿದಂತೆ. ಆದರೆ ನಿಜವಾಗಿ ನಿಲ್ಲಿಸಿದ್ದು ಏನು? ನನ್ನ ಚೇಷ್ಟೆಯ ಮಾತು, ನಾನು ಹಾಕದೆ ಬಿಟ್ಟ ಜಾಲರಿ.

ತಂತಿಯ ಕೊಕ್ಕೆಯಿಂದ ಎಲೆಗಳನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದೆ. ಆಗ ಮಾಸ್ತರರು ಹತ್ತಿರ ಬಂದರು.

"ಏನ ಸಿಕ್ಕಿತೋ ಮಲ್ಲಣ್ಣಾ?"

"ಚಿಂದಿರಿ ಮಾಸ್ತರ. ಟ್ಯಾಂಕ ತೊಳಿಯೂ ಮುಂದ ನಾನ ಒಳಗ ಬಿಟ್ಟಿದ್ದೆ."

ಅವರ ಮುಖ ಕೆಂಪಾಯಿತು. ಕೈ ಎತ್ತಿದರು, ಹೊಡೆಯಲಿಲ್ಲ. "ಒಂದ ಚಿಂದಿಗೆ ನನ್ನ ಮಾನಾ ಕಳದೆಲ್ಲೋ! ಸವದತ್ತಿಯೊಳಗ ಡಬ್ಬಿ ಬಡಿಸಿದೆಲ್ಲೋ!" ಎಂದರು. ಅವರ ಕಣ್ಣು ತುಂಬಿತ್ತು. ಅವರು ಬೆನ್ನು ತಿರುಗಿಸಿದ ಮೇಲೆ ಎಲೆಗಳನ್ನು ತುಳಿತಕ್ಕೆ ಸಿಗದ ಹಾಗೆ ಒಂದು ಬನ್ನಿ ಗಿಡದ ಬುಡಕ್ಕಿಟ್ಟೆ. ಅರಿಷಿಣ, ಅಡಿಕೆ ಎರಡೂ ತಳಕ್ಕೆ ಕುಳಿತ ಭಾರದ ವಸ್ತು, ಯಾರಿಗೂ ತೊಂದರೆ ಕೊಡುವಂಥವಲ್ಲ. ಅವನ್ನು ತೆಗೆಯಲು ಕೈ ಬರಲಿಲ್ಲ. ಹುಡುಗರೇ, ನೀವು ಹೀಗೆ ಮಾಡಬೇಡಿ. ಟ್ಯಾಂಕಿನಲ್ಲಿ ಪೆಟ್ರೋಲು ಬಿಟ್ಟು ಬೇರೇನೂ ಇರಬಾರದು.

ಆ ಮೇಲೆ ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ರಾಮದುರ್ಗದ ಮೊದಲ ಮನೆಗಳು ಕಂಡೊಡನೆ ಮಾಸ್ತರರು ಸ್ಟೇರಿಂಗನ್ನು ನನ್ನ ಕೈಗೆ ಕೊಟ್ಟು ಹಿಂದೆ ಏರಿದರು. ಮೇಳ ಗಾಡಿಯ ಮೇಲೆ ನಿಂತೇ ನುಡಿಸತೊಡಗಿತು. ಮಗ್ಗದ ಸಪ್ಪಳ ನಿಂತು, ಮಂದಿ ಬಾಗಿಲಿಗೆ ಬಂದರು. ಅಕ್ಷತೆಗೆ ಇನ್ನೂ ಅರ್ಧ ತಾಸಿತ್ತು. ಊಟವಾದ ಮೇಲೆ ನಾನು ಮದುವೆಮನೆಯ ಅಡಿಗೆಯವರಿಂದ ಹಳೆಯದೊಂದು ಚಹಾ ಸೋಸುವ ಜರಡಿ ಬೇಡಿಕೊಂಡು, ಅದರ ಜಾಲರಿ ಕತ್ತರಿಸಿ, ಟ್ಯಾಂಕಿನ ಕೊಳವೆಯನ್ನು ಬಿಚ್ಚಿ ತೆಗೆದು ಬಾಯಿಗೆ ಕಟ್ಟಿದೆ.

ಚಿಂದಿಯ ಸುದ್ದಿ ನನಗಿಂತ ಮೊದಲೇ ಬೈಲಹೊಂಗಲ ಮುಟ್ಟಿತು. ಉಸ್ತಾದರು ಎರಡು ದಿನ ನನ್ನನ್ನು ಮಾತಾಡಿಸಲಿಲ್ಲ. ಮೂರನೆಯ ದಿನ ಗಿರಾಕಿಗಳ ಮುಂದೆಯೇ, "ಇಪ್ಪತ್ತ ಸಲ ಎಣಿಸು ಅಂದಿದ್ನೆಲ್ಲೋ ಬೇಟಾ" ಎಂದರು. ಬೈಗುಳವಾದರೆ ತಡೆದುಕೊಳ್ಳುತ್ತಿದ್ದೆ, ಆ ನೊಂದ ದನಿ ತಡೆಯಲಾಗಲಿಲ್ಲ. ಒಂದಿಬ್ಬರು ಗಿರಾಕಿಗಳು ನನ್ನ ಕೈಯಲ್ಲಿ ಎಂಜಿನ್ ಕೊಡಲು ಹಿಂಜರಿದರು. 'ಚಿಂದಿ ಮಲ್ಲೇಶಿ' ಎಂಬ ಹೆಸರು ಹತ್ತು ವರ್ಷ ಬೆನ್ನು ಬಿಡಲಿಲ್ಲ. ಉಸ್ತಾದರಿಗೆ ಮಾತ್ರ ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂತು. ಹೇಳಲಿಲ್ಲ. ಅವರು ಹೋಗಿಬಿಟ್ಟರು. ಅದೊಂದು ಕೊರಗು ಇದೆ.

ಇವೆಲ್ಲ ಆಮೇಲಿನವು. ರಾಮದುರ್ಗದಿಂದ ತಿರುಗಿ ಬಂದ ಸಂಜೆ ಕಿತ್ತೂರಿನ ಅಂಗಳದಲ್ಲಿ ಎಂಟೂ ಜನ ಒಟ್ಟಿಗೆ ಚಿಂದಿಯ ಕಥೆ ಹೇಳಿದರು. ಫಕೀರವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಎಲ್ಲರೂ ಕೈಕಾಲು ತೊಳೆಯಲು ಹೋದಾಗ ನನ್ನ ಹತ್ತಿರ ಬಂದಳು.

"ತಮ್ಮಾ, ಖರೇನ ಹೇಳು. ನಾ ಅದರ ಹೊಟ್ಟ್ಯಾಗ..."

"ಗೊತ್ತೈತಿ ಆಯಿ. ನೀ ಹಾಕಿದ ಅರಿಷಿಣ, ಅಡಕಿ ತಳದಾಗ ಆರಾಮ ಕುಂತಾವ. ಇವತ್ತೂ ಅವನ್ನ ಹೊತಗೊಂಡ ರಾಮದುರ್ಗ ಮುಟ್ಟೇವಿ. ಗಾಡಿ ನಿಂದ್ರಿಸಿದ್ದು ನನ್ನ ಚಿಂದಿ."

ಆಕೆ ನನ್ನ ಮುಖ ನೋಡಿದಳು. ನಂಬಿದಳೋ, ನಂಬಲು ಮನಸ್ಸು ಮಾಡಿದಳೋ, ನನಗೆ ಇಂದಿಗೂ ತಿಳಿಯದು. ಆಮೇಲೆ ಶುರುವಾಯಿತು ನೋಡಿ! "ಮೂಳಾ, ಕಣ್ಣ ಎಲ್ಲಿ ಇಟ್ಟಿದ್ದಿ? ನನ್ನ ಮಗನ ಬಾಳೇ ಮಣ್ಣ ಮಾಡಿದ್ದೆಲ್ಲೋ! ಎರಡ ತಿಂಗಳ ನನ್ನ ಜೀವಾ ತಿಂದೆಲ್ಲೋ!" ಬೈಯುತ್ತಲೇ ರೊಟ್ಟಿ ಬಡಿಸಿದಳು, ಬೈಯುತ್ತಲೇ ತಾನೂ ತಾಟು ಹಾಕಿಕೊಂಡು ಕುಳಿತಳು. ಅಷ್ಟು ಸುಖವಾಗಿ ನಾನು ಎಂದೂ ಬೈಸಿಕೊಂಡಿಲ್ಲ.

ಮರುದಿನ ಬೆಳಿಗ್ಗೆ ಸಂಪಗಾಂವದಲ್ಲಿ ಮದುವೆ. ದಾರಿಯಲ್ಲಿ ನನ್ನನ್ನು ಬೈಲಹೊಂಗಲಕ್ಕೆ ಬಿಡುವುದೆಂದು ಮಾಸ್ತರರ ಪಕ್ಕದಲ್ಲಿ ಕುಳಿತಿದ್ದೆ. ಎಂಜಿನ್ ಹದವಾಗಿ ಗುನುಗುತ್ತಿತ್ತು. ಮಾಸ್ತರರು ಗೇರು ಹಾಕಿದರು, ಮತ್ತೆ ತೆಗೆದರು. ಫಕೀರವ್ವ ಅಂಗಳದ ನಡುವೆ, ಗಾಡಿಗೆ ನೇರ ಎದುರಾಗಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಯವ್ವಾ, ಹೊತ್ತಾಗತೈತಿ, ಸರಿ" ಎಂದು ಮಾಸ್ತರರು ಹಾರ್ನ್ ಹೊಡೆದರು.

ಆಕೆ ಸರಿಯಲಿಲ್ಲ. ಕಣ್ತುಂಬ ನೋಡಿ ಮುಗಿಯುವ ತನಕ ಅಲ್ಲೇ ನಿಂತಿದ್ದಳು. ನಾವೆಲ್ಲ ಕಾದೆವು.